ಮೈಲನ ಹಿಂದಿನ ಬೆಳ್ಳಕ್ಕಿ

ಈ ದುರ್ಬೀನಿಗೆ ನಾನು ಕೊಟ್ಟಿದ್ದು ಮೂವತ್ತೈದು ರೂಪಾಯಿ. ಮಾರುವವನು ಮೊದಲು ಹೇಳಿದ್ದು ತೊಂಬತ್ತು. ಅಷ್ಟು ಇಳಿದದ್ದಕ್ಕೆ ನನ್ನ ಬಾಯಿ ಎಷ್ಟು ಕಾರಣವೋ ಅದರ ಬಲಗಣ್ಣೂ ಅಷ್ಟೇ ಕಾರಣ. ಬಲಗಡೆಯ ಗಾಜಿನೊಳಗೆ ಬೂಷ್ಟು ಹಿಡಿದು, ಅದರಲ್ಲಿ ನೋಡಿದರೆ ಲೋಕವೆಲ್ಲ ನೆನ್ನೆಯ ಮೊಸರನ್ನದ ಹಾಗೆ ಕಾಣುತ್ತಿತ್ತು. "ಕೆಲಸ ಮಾಡೋ ಅರ್ಧಕ್ಕೆ ಅರ್ಧ ರೇಟು ಸರಿ. ಕೆಲಸ ಮಾಡದ ಇನ್ನರ್ಧವನ್ನ ಕಾಮಾಕ್ಷಿಪಾಳ್ಯದ ತನಕ ಹೊತ್ಕೊಂಡು ಹೋಗ್ಬೇಕಲ್ಲ, ಅದರ ಕೂಲಿ ಯಾರು ಕೊಡ್ತಾರೆ?" ಎಂದು ಕೇಳಿದೆ. ಅವನು ನಕ್ಕುಬಿಟ್ಟ. ವ್ಯಾಪಾರದಲ್ಲಿ ಎದುರಿನವನು ನಕ್ಕ ಅಂದರೆ ಬೆಲೆ ಇಳಿಯಿತು ಅಂತಲೇ ಲೆಕ್ಕ. ನೀವೂ ನೆನಪಿಟ್ಟುಕೊಳ್ಳಿ, ಉಪಯೋಗಕ್ಕೆ ಬರುತ್ತದೆ.

ಕೊಂಡದ್ದು ಯಾಕೆ ಅಂತೀರಾ? ಊರಿಗೆಲ್ಲ ಹೇಳಿದ ಕಾರಣ ಒಂದು, ಯಾರಿಗೂ ಹೇಳದ ಕಾರಣ ಇನ್ನೊಂದು. ಹೇಳಿದ ಕಾರಣ ನನ್ನ ಕಸುಬಿಗೆ ಸಂಬಂಧಪಟ್ಟದ್ದು. ಆಗ ಮಾಗಡಿ ರಸ್ತೆಯಲ್ಲಿ ನನ್ನದೊಂದು ಹಳೇ ಕಬ್ಬಿಣದ ಅಂಗಡಿ. ರಾಜಾಜಿನಗರದ ಕಡೆ ಮುಚ್ಚಿದ ಕಾರ್ಖಾನೆಗಳ ಕಾಂಪೌಂಡಿನೊಳಗೆ ಎಷ್ಟು ತಗಡು, ಎಷ್ಟು ಗರ್ಡರ್ ಬಿದ್ದಿದೆ ಎಂದು ಒಳಗೆ ಹೋಗದೆಯೇ ತಿಳಿದುಕೊಂಡರೆ, ಆಮೇಲೆ ಒಳಗೆ ಹೋಗಿ "ಅಯ್ಯೋ, ಇಷ್ಟೇನಾ?" ಎನ್ನಬಹುದು. ಅದಕ್ಕೇ ದುರ್ಬೀನು ಬೇಕು ಎಂದೆ. ಎಲ್ಲರೂ ನಂಬಿದರು. ನನ್ನ ಹೆಂಡತಿ ಜಯಮ್ಮ ಮಾತ್ರ ಅದನ್ನೊಮ್ಮೆ ನೋಡಿದಳು, ನನ್ನ ಮುಖವನ್ನೊಮ್ಮೆ ನೋಡಿದಳು, ಒಳಗೆ ಹೋದಳು.

ಮೊನ್ನೆ ಅಟ್ಟ ಗುಡಿಸುವಾಗ ಅದು ಮತ್ತೆ ಕೈಗೆ ಸಿಕ್ಕಿತು. ಜಯಮ್ಮ ಅದನ್ನು ಹಳೇ ಪೇಪರಿನವನಿಗೆ ಹಾಕಲು ತೆಗೆದಿಟ್ಟಿದ್ದಳು. "ಒಂದೇ ಕಣ್ಣಿನ ಸಾಮಾನು, ಯಾತಕ್ರೀ ಇನ್ನೂ?" ಎಂದಳು. ಹಳೇ ಸಾಮಾನನ್ನು ತೂಕಕ್ಕೆ ಹಾಕಿಯೇ ಮನೆ ಕಟ್ಟಿದ ನಾನು, ಇದೊಂದನ್ನು ತೂಕಕ್ಕೆ ಹಾಕಲಾರದೆ ಪಂಚೆಯ ಚುಂಗಿನಿಂದ ಒರೆಸುತ್ತ ಕೂತೆ.

ಹೇಳದೇ ಇದ್ದ ಕಾರಣ ಬೆಳ್ಳಕ್ಕಿ.

ಬೆಳ್ಳಕ್ಕಿಯಲ್ಲಿಯೂ ಕೆರೆಯಲ್ಲಿ ಮೊಣಕಾಲುದ್ದ ನೀರಿಗಿಳಿದು ಮೀನು ಹಿಡಿಯುವ ಜಾತಿಯಲ್ಲ. ದನದ ಹಿಂದೆ ತಿರುಗುತ್ತದಲ್ಲ, ಗಿಡ್ಡ ಕತ್ತಿನದು, ಹಳದಿ ಕೊಕ್ಕಿನದು, ಅದು. ಪುಸ್ತಕ ಓದಿದವರು ಗೋವಕ್ಕಿ ಅನ್ನುತ್ತಾರೆ. ನನಗೆ ಇದರ ಗುರುತು ಹಳೆಯದು. ಮಾಗಡಿ ಕಡೆಯ ನಮ್ಮ ಹಳ್ಳಿಯಲ್ಲಿ ಸಂಜೆ ಇವು ಸಾಲಾಗಿ ಹಾರಿಹೋಗುವಾಗ ನಾವು ಹುಡುಗರು ಕೈಯೆತ್ತಿ, ಉಗುರಿಗೆ ಉಗುರು ಉಜ್ಜಿ, ಬಿಳಿ ಚುಕ್ಕೆ ಕೊಟ್ಟು ಹೋಗು ಎಂದು ಕೂಗುತ್ತಿದ್ದೆವು. ಮಾರನೆ ದಿನ ಉಗುರಿನ ಮೇಲೆ ಚುಕ್ಕೆ ಕಂಡವರಿಗೆ ಹೊಸ ಬಟ್ಟೆ ಬರುತ್ತದೆ ಎಂದು ನಂಬಿಕೆ. ನನ್ನ ತಂಗಿಗೆ ಪ್ರತಿಸಲ ಚುಕ್ಕೆ ಬರುತ್ತಿತ್ತು. ನನಗೆ ಬರುತ್ತಿರಲಿಲ್ಲ. ಒಂದು ಸಲ ನಾನು ಹಕ್ಕಿಗಳ ಜೊತೆಯೇ ಚೌಕಾಸಿ ಮಾಡಿದೆ: ಎರಡು ಚುಕ್ಕೆ ಕೊಟ್ಟರೆ ಒಂದನ್ನು ವಾಪಸು ಕೊಡುತ್ತೇನೆ ಎಂದೆ. ಅವು ತಿರುಗಿಯೂ ನೋಡದೆ ಹೋದವು. ವ್ಯಾಪಾರ ಅಂದರೆ ಏನೆಂದು ನನಗೆ ಮೊದಲು ತೋರಿಸಿಕೊಟ್ಟವು ಅವೇ ಇರಬೇಕು.

ವ್ಯಾಪಾರದ ಪಾಠ ಪೂರ್ತಿಯಾದದ್ದು ಬೆಂಗಳೂರಿಗೆ ಬಂದ ಮೇಲೆ. ಸೈಕಲ್ಲಿನ ಹಿಂದೆ ಗೋಣಿಚೀಲ ಕಟ್ಟಿಕೊಂಡು ಮನೆಮನೆ ತಿರುಗುತ್ತಿದ್ದ ಕಾಲದಲ್ಲೇ ಒಂದು ಸೂತ್ರ ಕಲಿತೆ: ಕಣ್ಣು ಬಿದ್ದ ಸಾಮಾನಿಗೆ ಬೆನ್ನು ಮಾಡಿ ನಿಲ್ಲಬೇಕು. ಹಿತ್ತಾಳೆಯ ಕೊಳದಪ್ಪಲೆ ಬೇಕಿದ್ದರೆ ಮುರುಕಲು ಕುರ್ಚಿಯ ಬೆಲೆ ಕೇಳಬೇಕು. ಬೇಕು ಎನ್ನುವುದು ಮುಖದ ಮೇಲೆ ಕಂಡ ಕ್ಷಣಕ್ಕೇ ಬೆಲೆ ಏರುತ್ತದೆ. ಈ ಸೂತ್ರದಿಂದ ನಾನು ಅಂಗಡಿ ಮಾಡಿದೆ, ಮದುವೆಯಾದೆ, ಸೈಟು ತೆಗೆದೆ. ಹೆಣ್ಣು ನೋಡಲು ಹೋದಾಗಲೂ ಜಯಮ್ಮನನ್ನು ಬಿಟ್ಟು ಅವರ ಮನೆಯ ಕಣಜ ನೋಡುತ್ತ ಕೂತಿದ್ದೆನಂತೆ. ಅವಳು ಇವತ್ತಿಗೂ ಅದನ್ನು ಆಡಿ ತೋರಿಸುತ್ತಾಳೆ.

ಜಯಮ್ಮನ ತವರು ಮಲ್ಲತ್ತಹಳ್ಳಿ. ನಮ್ಮ ಮಾವ ಮರಿಯಪ್ಪನವರಿಗೆ ಅಲ್ಲಿ ಕೆರೆ ಏರಿಯ ಕೆಳಗೆ ಒಂದಿಷ್ಟು ಗದ್ದೆ, ಮೇಲೆ ರಾಗಿ ಹೊಲ, ಒಂದು ಜೊತೆ ಹಳ್ಳಿಕಾರ್ ಎತ್ತು. ಒಂದು ಬಸವ, ಇನ್ನೊಂದು ಮೈಲ. ಬಸವ ಅಚ್ಚ ಬಿಳುಪು, ಸಾಧು. ಮೈಲ ಮಾಸಲು ಬಣ್ಣದ್ದು, ಕಿವಿ ಸದಾ ಹಿಂದಕ್ಕೆ, ಅನುಮಾನದ ಪ್ರಾಣಿ. ಎರಡಕ್ಕೂ ವಯಸ್ಸಾಗುತ್ತ ಬಂದಿತ್ತು. ಮಾವನಿಗೂ ಅಷ್ಟೇ.

ಎಪ್ಪತ್ತರ ದಶಕದಲ್ಲಿ ಭಾನುವಾರ ಅಂಗಡಿಗೆ ಬಾಗಿಲು ಹಾಕಿ, ಜಯಮ್ಮನನ್ನು ಸೈಕಲ್ಲಿನ ಹಿಂದೆ ಕೂರಿಸಿಕೊಂಡು ಮಲ್ಲತ್ತಹಳ್ಳಿಗೆ ಹೋಗುವುದು ನಮ್ಮ ರೂಢಿ. ಕಾಮಾಕ್ಷಿಪಾಳ್ಯ ದಾಟಿದರೆ ಲೇತ್ ಮಿಷನ್ನುಗಳ ಕಿರುಚಾಟ ನಿಲ್ಲುತ್ತಿತ್ತು. ಆಮೇಲೆ ರಾಗಿ ಹೊಲ, ನೀಲಗಿರಿ ತೋಪು, ದಾರಿಯಲ್ಲಿ ಬೇಲಿ ಸರಿಮಾಡುವವರು. ಅತ್ತೆ ಮುದ್ದೆ, ಹಿಸುಕಿದ ಬೇಳೆ ಸಾರು ಬಡಿಸುತ್ತಿದ್ದರು. ಉಂಡಮೇಲೆ ಅಳಿಯ ಜಗುಲಿಯ ಮೇಲೆ ಮಲಗಬೇಕು, ಅದು ಮರ್ಯಾದೆ. ನಾನು ಮಲಗುತ್ತಿರಲಿಲ್ಲ. ತೂಬಿನ ಹತ್ತಿರ ಏರಿಯ ಮೇಲೆ ಹೋಗಿ ಕೂರುತ್ತಿದ್ದೆ. ಕೆಳಗೆ ಮಾವ ಕೆಸರು ಗದ್ದೆ ಉಳುತ್ತಿದ್ದರು.

ನೇಗಿಲು ಇಳಿದು ಒಂದು ಸುತ್ತು ಬರುವುದರೊಳಗೆ ಬೆಳ್ಳಕ್ಕಿ ಬರುತ್ತಿದ್ದವು. ಎಲ್ಲಿಂದ ಬರುತ್ತಿದ್ದವೋ, ಯಾರು ಹೇಳಿಕಳಿಸುತ್ತಿದ್ದರೋ! ಎತ್ತಿನ ಕಾಲ ಬುಡದಲ್ಲೇ ನಡೆಯುತ್ತಿದ್ದವು. ಗೊರಸು ಎತ್ತಿದ ಜಾಗಕ್ಕೆ ಕೊಕ್ಕು ಹೋಗುತ್ತಿತ್ತು. ಕೆಸರಿನಿಂದ ಕಪ್ಪೆಯೋ, ಹುಲ್ಲಿನಿಂದ ಮಿಡತೆಯೋ ಎದ್ದರೆ, ಹಕ್ಕಿ ತಟ್ಟನೆ ಹೊಡೆಯುತ್ತಿರಲಿಲ್ಲ. ಮೈ ನಿಂತಿರುತ್ತಿತ್ತು, ತಲೆ ನಿಂತಿರುತ್ತಿತ್ತು, ನಡುವಿನ ಕತ್ತು ಮಾತ್ರ ಆ ಕಡೆ ಈ ಕಡೆ ತೂಗುತ್ತಿತ್ತು. ಕಣ್ಣು ಬೇರೆಲ್ಲೋ ಇದ್ದ ಹಾಗೆ. ಆಮೇಲೆ ಒಂದೇ ಏಟು. ನೋಡಿ ನನಗೆ ಮೈ ಜುಮ್ಮೆನ್ನುತ್ತಿತ್ತು. ಇದು ನನ್ನದೇ ಕಸುಬು! ದುಡಿಯುವವರು ಬೇರೆ, ಅವರ ಕಾಲಡಿಯಲ್ಲಿ ಎದ್ದದ್ದನ್ನು ಹೆಕ್ಕುವವನು ಬೇರೆ. ಕಾರ್ಖಾನೆ ಉಳುತ್ತದೆ, ನಾನು ಹಿಂದೆ ಹೋಗುತ್ತೇನೆ. ಬಿಳೀ ಷರಟು ಕೂಡ ಹಾಕುತ್ತೇನೆ.

ಮಳೆಗಾಲ ಶುರುವಾದಾಗ ಅವುಗಳ ನೆತ್ತಿಗೂ ಬೆನ್ನಿಗೂ ಒಂದು ಬಣ್ಣ ಬರುತ್ತಿತ್ತು. ಅರಿಶಿನಕ್ಕೆ ಚೂರೇ ಚೂರು ಸುಣ್ಣ ತಾಕಿದ ಬಣ್ಣ. ಬರಿಗಣ್ಣಿಗೆ ಅದು ಸರಿಯಾಗಿ ಕಾಣುತ್ತಿರಲಿಲ್ಲ. ದುರ್ಬೀನು ಕೊಂಡದ್ದು ಅದನ್ನು ನೋಡಲು. ಎಡಗಣ್ಣೊಂದರಲ್ಲೇ ನೋಡುತ್ತ ನೋಡುತ್ತ ಒಂದು ಹಕ್ಕಿಯ ಗುರುತು ಹಿಡಿದೆ. ಅದರ ಒಂದು ಕಾಲು ಸೊಟ್ಟ. ಅದು ಬಸವನ ಕಡೆ ಹೋಗುತ್ತಲೇ ಇರಲಿಲ್ಲ, ಮೈಲನ ಹಿಂದೆಯೇ ಕುಂಟುತ್ತ ಬರುತ್ತಿತ್ತು. ಬಾಲ ಬೀಸಿ ಯಾರನ್ನೂ ಹತ್ತಿರ ಸೇರಿಸದ ಮೈಲ ಅದಕ್ಕೆ ಮಾತ್ರ ಏನೂ ಮಾಡುತ್ತಿರಲಿಲ್ಲ. ನಾನು ಮನಸ್ಸಿನಲ್ಲೇ ಅದಕ್ಕೆ ಪಾಲುದಾರ ಎಂದು ಹೆಸರಿಟ್ಟೆ. ವಾರವೆಲ್ಲ ತುಕ್ಕು, ತೂಕ, ಜಗಳದ ನಡುವೆ, ಈ ಭಾನುವಾರ ಪಾಲುದಾರ ಬರುತ್ತಾನೋ ಇಲ್ಲವೋ ಎನ್ನುವುದೇ ನನಗೊಂದು ಯೋಚನೆಯಾಗಿತ್ತು.

ಇದನ್ನು ಯಾರಿಗಾದರೂ ಹೇಳುವುದು ಹೇಗೆ? ಮೀಸೆ ಹೊತ್ತ ವ್ಯಾಪಾರಸ್ಥ, ಮಾವನ ಮನೆಗೆ ಬರುವುದು ಹಕ್ಕಿ ನೋಡಲು ಎಂದರೆ ಊರು ನಗುವುದಿಲ್ಲವೇ? ಒಂದು ಸಲ ಮಾವ ನೇಗಿಲು ನಿಲ್ಲಿಸಿ, ಕೆಸರುಗಾಲಲ್ಲಿ ಏರಿ ಹತ್ತಿ ಬಂದು, ಅಷ್ಟು ಹೊತ್ತಿನಿಂದ ಏನು ನೋಡುತ್ತಿದ್ದೀರಿ ಎಂದು ಕೇಳಿದರು. ನನಗೆ ಕಳ್ಳ ಸಿಕ್ಕಿಬಿದ್ದಂತಾಯಿತು. ಹಳೇ ಸೂತ್ರ ತಾನಾಗಿ ಬಾಯಿಗೆ ಬಂತು. ನಾಗರಬಾವಿ ಕಡೆಯಿಂದ ಲೇಔಟು ಎಲ್ಲಿಯ ತನಕ ಬರಬಹುದು ಅಂತ ಅಂದಾಜು ಮಾಡುತ್ತಿದ್ದೆ ಎಂದೆ. ಮಾತು ಅಲ್ಲಿಗೇ ನಿಲ್ಲಿಸಿದ್ದರೆ ಆಗುತ್ತಿತ್ತು. ನಿಲ್ಲಿಸಲಿಲ್ಲ. ಬುದ್ಧಿ ಹೇಳುವುದು ನನ್ನ ಚಾಳಿ. ಈ ವಯಸ್ಸಿನಲ್ಲಿ ಎತ್ತು ಕಟ್ಟಿಕೊಂಡು ಒದ್ದಾಡುವುದಕ್ಕಿಂತ ಬಾಡಿಗೆ ಟ್ರ್ಯಾಕ್ಟರು ಕರೆಸಿದರೆ ಎಷ್ಟು ಉಳಿಯುತ್ತದೆ, ಹುಲ್ಲಿನ ಖರ್ಚೆಷ್ಟು, ಬೂಸಾ ಎಷ್ಟು ಎಂದೆಲ್ಲ ಹೇಳಿದೆ. ಮಾವ ಕೇಳಿಸಿಕೊಂಡು, ಬಾಯಲ್ಲಿದ್ದ ಎಲೆಯಡಿಕೆ ಉಗಿದು, ಗದ್ದೆಗೆ ಇಳಿದರು.

ಆಮೇಲೆ ಪ್ರತಿ ಭಾನುವಾರ ಏರಿಯ ಮೇಲೆ ಕೂರುವುದಕ್ಕೆ ಅದೇ ನನ್ನ ನೆಪವಾಯಿತು. ನೆಪಕ್ಕಾಗಿ ಆ ಮಾತು ಎಷ್ಟು ಸಲ ಆಡಿದೆನೋ ನೆನಪಿಲ್ಲ. ಮಾವ ಪ್ರತಿಸಲ ಕೇಳಿಸಿಕೊಂಡರು.

ಒಂದು ಭಾನುವಾರ ಉಂಡು ಕೈ ತೊಳೆಯುವಾಗ ಅವರೇ ಮಾತೆತ್ತಿದರು. "ಅಳಿಯಂದ್ರೆ, ಎತ್ತು ಕೊಟ್ಬಿಡಾನ ಅಂತಿದೀನಿ. ನೀವು ಹೇಳಿದ್ದು ನ್ಯಾಯವಾಗದೆ. ತಾವರೆಕೆರೆ ಕಡೆಯೋರು ಒಬ್ರು ಕೇಳ್ತಾವ್ರೆ. ನೀವೇ ನಿಂತು ವ್ಯಾಪಾರ ಮಾಡ್ಕೊಡಿ."

ಎದೆಯೊಳಗೆ ಏನೋ ಕಳಚಿಬಿತ್ತು. ಮುಖ ಮಾತ್ರ ಕಳಚಲಿಲ್ಲ. ಅಷ್ಟು ವರ್ಷ ಪಳಗಿಸಿದ ಮುಖ ಅದು. "ಒಳ್ಳೇದು ಮಾವ" ಎಂದೆ.

ಮುಂದಿನ ವಾರ ಕೊಳ್ಳುವವರು ಬಂದರು. ಸಣ್ಣ ಕಣ್ಣಿನ, ಮಾತು ಕಡಿಮೆಯ ಮನುಷ್ಯ. ಎತ್ತಿನ ಹಲ್ಲು ನೋಡಿದರು, ಮೈಮೇಲಿನ ಸುಳಿ ನೋಡಿದರು, ಅಂಗಳದಲ್ಲಿ ನಡೆಸಿ ನೋಡಿದರು. ನಮ್ಮ ಕಡೆ ದನದ ವ್ಯಾಪಾರ ಬಾಯಲ್ಲಿ ಆಡುವುದಿಲ್ಲ, ನಿಮಗೆ ಗೊತ್ತಿರಬಹುದು. ಟವೆಲ್ಲಿನ ಕೆಳಗೆ ಕೈಗೆ ಕೈ ಸೇರಿಸಿ, ಬೆರಳು ಹಿಡಿದು ಬೆಲೆ ಹೇಳಬೇಕು. ಒಂದು ಬೆರಳಿಗೆ ಇಷ್ಟು, ಪೂರಾ ಹಸ್ತಕ್ಕೆ ಇಷ್ಟು. ಸುತ್ತ ನಿಂತವರಿಗೆ ಟವೆಲ್ ಅಲುಗುವುದಷ್ಟೇ ಕಾಣುತ್ತದೆ. ಮೊದಲು ಮಾವ ನನ್ನನ್ನು ಕೊಟ್ಟಿಗೆಯ ಮರೆಗೆ ಕರೆದು, ಹೆಗಲ ಟವೆಲ್ಲನ್ನು ನಮ್ಮಿಬ್ಬರ ಕೈ ಮೇಲೆ ಹಾಕಿ, ತಮ್ಮ ಬೆಲೆ ಹೇಳಿದರು. ಹಸ್ತ ಹಿಡಿದರು, ಬಿಟ್ಟರು. ಮತ್ತೆ ಹಿಡಿದರು, ಬಿಟ್ಟರು. ಮೂರನೆಯ ಸಲ ಹಿಡಿದು, ತುಸು ಹೊತ್ತು ಬಿಡಲೇ ಇಲ್ಲ. ನೇಗಿಲ ಮೇಣಿ ಹಿಡಿದ ಒರಟು ಕೈ, ಬೆವರಿತ್ತು. "ಇದಕ್ಕೆ ಒಂದು ಕಾಸು ಕಮ್ಮಿಯಾದ್ರೂ ಬ್ಯಾಡ ಅಂದ್ಬಿಡಿ" ಎಂದರು.

ಎಷ್ಟು ಎಂದು ಇಲ್ಲಿ ಬರೆಯುವುದಿಲ್ಲ. ಟವೆಲ್ಲಿನ ಕೆಳಗಿನ ಮಾತು ಅಲ್ಲಿಯೇ ಇರಬೇಕು. ವಯಸ್ಸಾದ ಆ ಜೋಡಿಗೆ ಯಾವ ಜಾತ್ರೆಯಲ್ಲೂ ಹುಟ್ಟದ ಬೆಲೆ ಎಂದರೆ ಸಾಕು.

ಆ ಬೆಲೆ ಕೇಳಿದಾಗ ನನಗೇನು ಹೊಳೆಯಬೇಕಿತ್ತು ಹೇಳಿ? ಹೊಳೆಯಲಿಲ್ಲ. ಬದಲಿಗೆ ನನ್ನೊಳಗಿನ ವ್ಯಾಪಾರಿ ಎದ್ದು ಕೂತ. ಮಾವ ನನ್ನ ಕೈಚಳಕ ಪರೀಕ್ಷಿಸುತ್ತಿದ್ದಾರೆ, ಅಳಿಯ ಏನು ಮಾಡಿಯಾನು ನೋಡೋಣ ಅಂತಿದ್ದಾರೆ ಎಂದುಕೊಂಡೆ. ಬೆಳ್ಳಕ್ಕಿ ಮರೆತೇಹೋಯಿತು, ಪಾಲುದಾರ ಮರೆತೇಹೋದ. ನಾನು ಕೊಳ್ಳುವವರ ಜೊತೆ ಟವೆಲ್ಲಿನ ಕೆಳಗೆ ಕೈಯಿಟ್ಟೆ. ಅವರು ಬೆಲೆ ಕೇಳಿ ಕೈ ಕಿತ್ತುಕೊಂಡರು. ಕೂರಿಸಿ ಕಾಫಿ ಕೊಡಿಸಿದೆ. ಬೇರೆಯವರು ನಾಳೆ ಬರುತ್ತಾರೆ ಎಂದೆ. ಈ ಎತ್ತು ಹೂಡಿದ ಗದ್ದೆಯಲ್ಲಿ ಒಂದು ಕಡ್ಡಿ ಕಳೆಯೂ ಹುಟ್ಟದು ಎಂದೆ. ಅವರ ಮೀಸೆ ಹೊಗಳಿದೆ. ಕೊನೆಗೆ ಮಾರುವುದೇ ಬೇಡ ಎಂದು ಎತ್ತನ್ನು ಕೊಟ್ಟಿಗೆಗೆ ಕಟ್ಟಿಸಿಬಿಟ್ಟೆ. ಅವರು ಊರಾಚೆಯ ಅರಳಿಕಟ್ಟೆ ತನಕ ಹೋಗಿ ತಿರುಗಿ ಬಂದರು. ತಿರುಗಿ ಬಂದವನು ಕೊಟ್ಟೇ ಕೊಡುತ್ತಾನೆ. ಕೊಟ್ಟರು. ಮಾವ ಹೇಳಿದ್ದರಲ್ಲಿ ಒಂದು ಕಾಸೂ ಕಮ್ಮಿಯಿಲ್ಲದೆ ಕೊಟ್ಟರು.

ನನ್ನ ಬದುಕಿನಲ್ಲಿ ಅಷ್ಟು ಚೆನ್ನಾಗಿ ಇನ್ನೊಂದು ವ್ಯಾಪಾರ ಮಾಡಿಲ್ಲ.

ಎದೆಯುಬ್ಬಿಸಿ ಕೊಟ್ಟಿಗೆಗೆ ಹೋಗಿ ಹೇಳಿದೆ. ಮಾವ ಮೈಲನ ಕೊರಳ ಕೆಳಗಿನ ಗಂಗೆದೊಗಲು ಸವರುತ್ತ ನಿಂತಿದ್ದರು. "ಅಷ್ಟೂ ಕೊಟ್ರಾ?" ಎಂದರು. ಅಷ್ಟೂ ಕೊಟ್ಟರು ಎಂದೆ. ಇನ್ನೊಂದು ಸಲ ಕೇಳಿದರು, "ಅಷ್ಟೂನಾ?" ಆಡಿದ ಮಾತು, ಹಿಂತೆಗೆಯುವ ಮನುಷ್ಯರಲ್ಲ ಅವರು. ಎತ್ತನ್ನು ಕೊಟ್ಟರೂ ಅದರ ಹಗ್ಗ ಕೊಡಬಾರದು ಎಂಬುದು ವಾಡಿಕೆ. ಕೊಂಡವರು ತಮ್ಮ ಹೊಸ ಹಗ್ಗ ಹಾಕಿ ಹೊಡೆದುಕೊಂಡು ಹೋದರು. ಮಾವ ಹಳೇ ಹಗ್ಗ ಎರಡನ್ನೂ ಸುತ್ತಿ ಗೂಟಕ್ಕೆ ನೇತುಹಾಕಿದರು. ಅತ್ತೆ ಒಳಗಿನಿಂದ ಬರಲೇ ಇಲ್ಲ.

ಮಳೆ ಬಿದ್ದಾಗ ಬಾಡಿಗೆ ಟ್ರ್ಯಾಕ್ಟರು ಬಂತು. ಬೆಳ್ಳಕ್ಕಿಗಳಿಗೆ ಟ್ರ್ಯಾಕ್ಟರಿನ ಮೇಲೆ ಕೋಪವಿಲ್ಲ ನೋಡಿ, ಅದರ ಹಿಂದೆಯೂ ಬಂದವು, ಮೊದಲಿಗಿಂತ ಜಾಸ್ತಿಯೇ ಬಂದವು. ಆದರೆ ಮಾವ ದಿನಗಟ್ಟಲೆ ಉಳುತ್ತಿದ್ದ ಗದ್ದೆಯನ್ನು ಅದು ಕಾಫಿ ಆರುವುದರೊಳಗೆ ಉತ್ತು ಹೊರಟುಹೋಯಿತು. ಹಕ್ಕಿಗಳು ಸ್ವಲ್ಪ ಹೊತ್ತು ಕಲಕಿದ ಕೆಸರಿನಲ್ಲಿ ನಿಂತು, ಇನ್ಯಾರದೋ ದನ ಹುಡುಕಿಕೊಂಡು ಹೋದವು.

ಆವತ್ತು ಮೊದಲ ಸಲ ಮಾವ ನನ್ನ ಪಕ್ಕದಲ್ಲಿ ಏರಿಯ ಮೇಲೆ ಕೂತಿದ್ದರು. ಕಾಲಿಗೆ ಕೆಸರಿರಲಿಲ್ಲ. ಕೈಗಳನ್ನು ಏನು ಮಾಡುವುದೆಂದು ತಿಳಿಯದೆ ಮಂಡಿಯ ಮೇಲೆ ಇಟ್ಟುಕೊಂಡಿದ್ದರು. ನನ್ನ ಕೊರಳಲ್ಲಿದ್ದ ದುರ್ಬೀನಿನ ಕಡೆ ಗದ್ದ ಎತ್ತಿ ಕೇಳಿದರು.

"ಅದ್ರಲ್ಲಿ ನಮ್ ಶಾನುಭೋಗ ಎಲ್ಲಾದ್ರೂ ಕಾಣ್ತಾನಾ ನೋಡಿ."

"ಯಾವ ಶಾನುಭೋಗ, ಮಾವ?"

"ಅದೇ ಆ ಕುಂಟ. ಮೈಲನ ಹಿಂದೆ ಬರ್ತಿದ್ನಲ್ಲ, ಗದ್ದೆ ಅಳತೆ ಮಾಡೋನಂಗೆ."

ನಾನು ದುರ್ಬೀನು ಎತ್ತಿ ಹುಡುಕಿದೆ. ಗಾಜು ಮಬ್ಬಾಗಿತ್ತು. ಅವತ್ತು ಎಡಗಡೆಯದೂ ಮಬ್ಬಾಗಿತ್ತು. ಕಾಣುತ್ತಿಲ್ಲ ಎಂದೆ.

"ಅಷ್ಟು ರೇಟು ಯಾರೂ ಕೊಡಾಕಿಲ್ಲ ಅಂತ್ಲೇ ಹೇಳಿದ್ದೆ ನಾನು" ಎಂದರು ಮಾವ. ಗದ್ದೆಯನ್ನೇ ನೋಡುತ್ತಿದ್ದರು. "ಬ್ಯಾಡ ಅಂದ್ರೆ ನಿಮಗೆ ಬೇಜಾರಾಯ್ತದೆ. ರೇಟೇ ಹುಟ್ಟದಿದ್ರೆ ಯಾರಿಗೂ ಬೇಜಾರಿಲ್ಲ ಅಂತ."

ಆಗಲಾದರೂ ಹೇಳಬಹುದಿತ್ತು. ನನಗೂ ಬೇಡವಾಗಿತ್ತು ಮಾವ, ನಾನು ಇಲ್ಲಿ ಕೂರುತ್ತಿದ್ದದ್ದು ನಿಮ್ಮ ಕುಂಟನಿಗಾಗಿ, ನಾನು ಅವನನ್ನು ಪಾಲುದಾರ ಅಂತಿದ್ದೆ. ಇಷ್ಟು ಹೇಳಲು ಎಷ್ಟು ಉಸಿರು ಬೇಕು? ಹೇಳಲಿಲ್ಲ. "ರೇಟು ಚೆನ್ನಾಗೇ ಬಂತು ಬಿಡಿ" ಎಂದೆ. ಅವರು ಹೂಂ ಎಂದು ಎದ್ದರು.

ಮಾರನೆ ದಿನ ಅಂಗಡಿ ತೆಗೆಯಲಿಲ್ಲ. ಯಾರಿಗೂ ಹೇಳದೆ ಬಸ್ಸು ಹತ್ತಿ ತಾವರೆಕೆರೆ ಕಡೆ ಹೋದೆ. ಆ ಸಣ್ಣ ಕಣ್ಣಿನವರ ಮನೆ ಹುಡುಕಿದೆ. ಹಿಂದಕ್ಕೆ ಕೊಳ್ಳುವುದೇ ಸರಿ, ನಾಲ್ಕು ಕಾಸು ಜಾಸ್ತಿಯಾಗಲಿ ಎಂದು ದಾರಿಯುದ್ದಕ್ಕೂ ಮುಖ ಬಿಗಿ ಮಾಡಿಕೊಂಡಿದ್ದೆ. ಅವರ ಅಂಗಳದಲ್ಲಿ ಮೈಲನನ್ನು ಕಟ್ಟಿದ್ದರು. ನನ್ನನ್ನು ಕಂಡು ಕಿವಿ ಮುಂದಕ್ಕೆ ಮಾಡಿತು. ಅಷ್ಟೇ, ಬಿಗಿ ಮಾಡಿಕೊಂಡು ಹೋದ ಮುಖ ಎಲ್ಲಿಗೆ ಹೋಯಿತೋ! ಮನೆಯವರು ಬಾಗಿಲಲ್ಲಿ ನಿಂತು ನನ್ನನ್ನೇ ನೋಡುತ್ತಿದ್ದರು. ಅವರ ಕೈಗೆ ನಾನು ಹಾಗೆ ಸಿಕ್ಕಿಬಿದ್ದಿದ್ದೆ, ಕೇಳಿದಷ್ಟು ಕೊಡುವವನಿದ್ದೆ. ಆದರೆ ಅವರು ಬೆಲೆ ಹೇಳಲಿಲ್ಲ.

"ಜೋಡಿ ಇಲ್ಲ ಸ್ವಾಮಿ," ಎಂದರು, ಪಾಪ, ಮೆತ್ತಗೆ. "ಬಸವನ್ನ ಮೊನ್ನೆ ನಮ್ಮ ಬೀಗರು ಹೊಡ್ಕೊಂಡು ಹೋದ್ರು. ಒಂಟಿ ಎತ್ತು ಕಟ್ಕೊಂಡು ನಿಮ್ಮ ಮಾವ ಏನು ಮಾಡ್ತಾರೆ?"

ಮಜ್ಜಿಗೆ ಕೊಟ್ಟರು. ಕುಡಿದು ಬಂದೆ. ಹೋಗಿದ್ದೆನೆಂದು ಮಾವನಿಗೆ ಹೇಳಲಿಲ್ಲ, ಸೋತ ವ್ಯಾಪಾರವನ್ನು ಯಾರೂ ಹೇಳಿಕೊಳ್ಳುವುದಿಲ್ಲ. ಈಗ ಯೋಚಿಸಿದರೆ, ಅವರಿಗೆ ಹೇಳಬೇಕಾಗಿದ್ದದ್ದು ಅದೊಂದೇ. ಎತ್ತು ಬರದಿದ್ದರೂ ಹೋಗಿದ್ದೆ ಎನ್ನುವುದು ಅವರಿಗೆ ತಲುಪುತ್ತಿತ್ತು. ಆಮೇಲೆ ಮಾವ ಏರಿಯ ಕಡೆ ಬರುವುದು ಕಡಿಮೆಯಾಯಿತು. ನನಗೂ ಅಲ್ಲಿ ಕೂರಲು ನೆಪವಿಲ್ಲದಾಯಿತು. ಅವರು ಹೋಗಿ ಎಷ್ಟೋ ವರ್ಷಗಳಾದವು. ಗದ್ದೆಯಿದ್ದ ಕಡೆ ಈಗ ಮನೆಗಳಿವೆ, ಲೇಔಟು ನಾನು ಹೇಳಿದ ಕಡೆಯಿಂದಲೇ ಬಂತು.

ಜಯಮ್ಮನಿಗೆ ಇದನ್ನೆಲ್ಲ ಹೇಳಿದ್ದು ಮೊನ್ನೆ, ಅಟ್ಟದ ಕೆಳಗೆ ಕೂತು. ಕೇಳಿ ಅವಳು ಪೊರಕೆ ಬದಿಗಿಟ್ಟಳು. "ನಮ್ಮಪ್ಪಂಗೆ ಎತ್ತು ಬೇಕಿತ್ತು, ನಿಮಗೆ ಹಕ್ಕಿ ಬೇಕಿತ್ತು. ಇಬ್ರೂ ಬುದ್ಧಿವಂತರು ಸೇರ್ಕೊಂಡು ತಾವರೆಕೆರೆಯವರಿಗೆ ಕೊಟ್ರಿ" ಎಂದಳು. ಆಮೇಲೆ ದುರ್ಬೀನನ್ನು ಪೇಪರಿನ ರಾಶಿಯಿಂದ ದೂರ ತೆಗೆದಿಟ್ಟಳು.

ಇನ್ನು ನಿಮಗೆ ನಾಲ್ಕು ಮಾತು, ದುಡ್ಡಿಲ್ಲದೆ ಹೇಳುತ್ತಿದ್ದೇನೆ. ದುರ್ಬೀನು ಕೊಳ್ಳುವುದಾದರೆ ಎರಡೂ ಕಣ್ಣು ಬೆಳಕಿಗೆ ಹಿಡಿದು ನೋಡಿ ಕೊಳ್ಳಿ, ಬೂಷ್ಟು ಒರೆಸಿದರೆ ಹೋಗುವುದಿಲ್ಲ. ಬೆಳ್ಳಕ್ಕಿ ನೋಡಬೇಕೆಂದರೆ ಮಲಗಿದ ದನದ ಹತ್ತಿರ ಕಾಯಬೇಡಿ, ಮೇಯುವ ದನದ ಹಿಂದೆ ಹೋಗಿ. ಕೆಂಗೇರಿ ಆಚೆ ಇನ್ನೂ ಅಲ್ಲಲ್ಲಿ ಸಿಗುತ್ತವೆ. ಬಿಸಿಲು ನಿಮ್ಮ ಬೆನ್ನಿಗಿರಲಿ, ಆಗ ಆ ಅರಿಶಿನ ಬಣ್ಣ ಸರಿಯಾಗಿ ಕಾಣುತ್ತದೆ. ಮೊದಲ ಮಳೆಯಾದ ಮೇಲೆ ಹೋಗಿ, ಮುಂದಿನ ವರ್ಷ ನೋಡಿದರಾಯಿತು ಅನ್ನಬೇಡಿ. ಸಾಧ್ಯವಾದರೆ ಒಬ್ಬರೇ ಹೋಗಬೇಡಿ. ಅಲ್ಲಿ ಯಾರಾದರೂ ಕೆಸರುಗಾಲಲ್ಲಿ ಹತ್ತಿರ ಬಂದು ಏನು ನೋಡುತ್ತಿದ್ದೀರಿ ಎಂದು ಕೇಳಿದರೆ, ಹಕ್ಕಿ ನೋಡುತ್ತಿದ್ದೇನೆ ಎಂದು ಹೇಳಿಬಿಡಿ. ಯಾವ ಹಕ್ಕಿ ಎಂದು ಬೆರಳು ತೋರಿಸಿ ಹೇಳಿ.